ರಸ್ತೆ ದಾಟಬಾರದ ರಾಣಿ

ಇರುವೆಗಳ ರಾಣಿ ಎಂದರೆ ಆಳುವವಳು ಎಂದು ನಾನು ಬಹಳ ಕಾಲ ನಂಬಿದ್ದೆ. ಗೂಡಿನ ನಡುವೆ ಕೂತು, ನೀನು ಅಲ್ಲಿಗೆ ಹೋಗು, ನೀನು ಇದನ್ನು ಹೊರು ಎಂದು ಅಪ್ಪಣೆ ಕೊಡುತ್ತಾಳೆ ಎಂಬ ಕಲ್ಪನೆ. ಇದನ್ನು ಕೇಳಿ ನನ್ನ ಹೆಂಡತಿ ಲೊರೇನ್ ಕಾಫಿ ಕಪ್ಪು ಕೆಳಗಿಟ್ಟಳು.

"ಅವಳು ಯಾರಿಗೂ ಏನೂ ಹೇಳಲ್ಲ ವೆಂಡೆಲ್. ಮೊಟ್ಟೆ ಇಡ್ತಾಳೆ, ಅಷ್ಟೇ. ಉಳಿದವರು ಅವರವರ ಕೆಲಸ ನೋಡ್ಕೋತಾರೆ."

"ಹಾಗಾದ್ರೆ ಯಜಮಾನಿಕೆ ಯಾರದು?"

"ಯಾರದೂ ಅಲ್ಲ. ಅದಕ್ಕೇ ಅಲ್ಲಿ ಜಗಳ ಇಲ್ಲ."

ಲೊರೇನ್ ಶಾಲಾ ಬಸ್ಸು ಓಡಿಸುತ್ತಾಳೆ. ಆರು ವರ್ಷದ ಹಿಂದೆ ಬಸ್ಸಿನ ಮೆಟ್ಟಿಲ ಮೇಲೆ ರೆಕ್ಕೆ ಕಳಚಿಕೊಂಡು ದಿಕ್ಕುಗೆಟ್ಟು ಓಡಾಡುತ್ತಿದ್ದ ಕರಿ ಗೊದ್ದದ ರಾಣಿಯೊಂದನ್ನು ಫ್ಲಾಸ್ಕಿನ ಮುಚ್ಚಳದಲ್ಲಿ ಮನೆಗೆ ತಂದಳು. ನಮಗೆ ಮಕ್ಕಳಿಲ್ಲ. ರಾಣಿಗೆ ಈಗ ಐನೂರು. ನೆಲಮಾಳಿಗೆಯ ಗಾಜಿನ ಗೂಡಿನ ಮುಂದೆ ಸ್ಟೂಲು ಹಾಕಿಕೊಂಡು ಲೊರೇನ್ ಅವುಗಳ ಸಂಸಾರ ನೋಡುತ್ತಾಳೆ. ನಮ್ಮದನ್ನು ನೋಡಿದ್ದಕ್ಕಿಂತ ಹೆಚ್ಚು ಗಮನ ಕೊಟ್ಟು.

ನಾನು ವಿಮಾ ಕಂಪನಿಯಲ್ಲಿ ನಷ್ಟ ಅಳೆಯುವವನು. ಊರಿನವರ ಎಡವಟ್ಟುಗಳನ್ನೆಲ್ಲ ಅಳೆದವನು ತಾನು ಎಡವಲಾರ ಎಂಬುದು ನನ್ನ ಸಿದ್ಧಾಂತ. ಆದ್ದರಿಂದ ಈ ಜನವರಿಯಲ್ಲಿ ಮನೆ ಬದಲಿಸುವ ಕಾಲ ಬಂದಾಗ ತಿಂಡಿಯ ಮೇಜಿನಲ್ಲಿ ಘೋಷಿಸಿದೆ: "ಈ ಮನೆಯಿಂದ ಒಂದು ಚಮಚವೂ ಕಾನೂನು ಮೀರಿ ಹೊರಗೆ ಹೋಗಲ್ಲ."

ನಾವು ಹೋಗಬೇಕಿದ್ದದ್ದು ಎದುರು ಮನೆಗೆ. ಲೊರೇನ್ ಮಂಡಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಮೆಟ್ಟಿಲಿಲ್ಲದ ಮನೆ ಅಲ್ಲೇ ಸಿಕ್ಕಿತು. ತೊಡಕು ಒಂದೇ. ನಮ್ಮ ಮನೆ ಮುಂದಿನ ರಸ್ತೆಯೇ ರಾಜ್ಯದ ಗಡಿ. ಈ ಬದಿ ಕ್ಯಾನ್ಸಸ್, ಆ ಬದಿ ಮಿಸೌರಿ.

ಯಾರೂ ಕೇಳದಿದ್ದರೂ ನಾನು, ಇರುವೆಗಳನ್ನು ಗಡಿ ದಾಟಿಸಬಹುದೇ ಎಂದು ಕೃಷಿ ಇಲಾಖೆಗೆ ಫೋನ್ ಮಾಡಿದೆ. ಟಿಬೆಟ್ಸ್ ಎಂಬ ಅಧಿಕಾರಿಣಿ ಸಿಕ್ಕರು.

"ಕೆಲಸಗಾರ ಇರುವೆ ಒಯ್ಯಬಹುದು. ರಾಣಿ ಹೋಗೋ ಹಾಗಿಲ್ಲ. ಪರ್ಮಿಟ್ ಬೇಕು. ಕೆಲವು ತಿಂಗಳು ಹಿಡಿಯುತ್ತೆ."

"ಎದುರಿನ ಮರದಲ್ಲೂ ಇದೇ ಜಾತಿ ಇದೆಯಲ್ಲ ಮೇಡಂ?"

"ಇರಲಿ. ಅವು ತಾವಾಗಿ ಹೋದವು. ನೀವು ಹೊತ್ಕೊಂಡು ಹೋಗೋ ಹಾಗಿಲ್ಲ. ವಿಳಾಸ ಹೇಳಿ, ಗುರುವಾರ ಬಂದು ನೋಡ್ತೀನಿ."

ಹೇಳಿದೆ. ಎರಡೂ ಮನೆಗಳದ್ದು. ಕಾಗುಣಿತದ ಸಮೇತ.

ಲೊರೇನ್ ಕೋಪ ಏರುವುದು ದನಿಯಲ್ಲಲ್ಲ, ಪಾತ್ರೆಯಲ್ಲಿ. ಬಾಣಲೆ ಸಿಂಕಿಗೆ ಬಿದ್ದ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

"ನಿನ್ನನ್ನ ಕೇಳಿದ್ಯಾರು? ಊಟದ ಡಬ್ಬಿಯಲ್ಲಿಟ್ಕೊಂಡು ರಸ್ತೆ ದಾಟ್ತಿದ್ದೆ. ಹಲ್ಲುಜ್ಜೋಷ್ಟು ಹೊತ್ತಿನ ಕೆಲಸ. ಈಗ ಮನೆ ಬಾಗಿಲಿಗೆ ಸರ್ಕಾರ ಬರುತ್ತೆ."

"ಕೆಲಸಗಾರರನ್ನ ಒಯ್ಯಬಹುದಂತೆ. ರಾಣಿ ಒಬ್ಬಳನ್ನ ಬಿಟ್ಟು—"

"ರಾಣಿ ಇಲ್ಲದಿದ್ರೆ ಅವು ಸಾಯೋವರೆಗೆ ಸುಮ್ನೆ ಅತ್ತಿತ್ತ ಅಡ್ಡಾಡ್ತವೆ. ನಿನ್ನ ಆಫೀಸಿನವರ ಥರ. ನಾನು ಅವಳ ಜೊತೆ ಇಲ್ಲೇ ಇರ್ತೀನಿ. ನೀನು ನಡಿ ಮಿಸೌರಿಗೆ."

ನನಗೂ ಸಿಟ್ಟು ನೆತ್ತಿಗೇರಿತು. ಇಡೀ ಬೀದಿಯಲ್ಲಿ ಕಾನೂನು ಪಾಲಿಸಿದವನು ನಾನೊಬ್ಬ. ಸೋಫಾದ ಮೇಲೆ ಮಲಗಿದವನೂ ನಾನೊಬ್ಬನೇ. ಗುರುವಾರ ಬೆಳಿಗ್ಗೆ ಅವಳ ಬಸ್ಸು ತಿರುವು ದಾಟಿದ್ದನ್ನು ಖಚಿತಪಡಿಸಿಕೊಂಡು, ಮುಚ್ಚಿದ ಬಾಗಿಲಿಗೆ ಗಟ್ಟಿಯಾಗಿ ಹೇಳಿದೆ: "ನಿನ್ನ ಇರುವೆ ನಿನಗೆ, ನನ್ನ ಫ್ರಿಜ್ ನನಗೆ."

ಪಕ್ಕದ ಮನೆಯ ಡೆಲ್ಬರ್ಟ್ ತಳ್ಳುಗಾಡಿ ತಂದ. "ಒಳಗಿರೋದನ್ನ ತೆಗೆದಿಡೋಣ್ವಾ?"

"ಬೇಡ. ಒಳಗಿರೋದೆಲ್ಲ ನಂದೇ."

ಹಂದಿಮಾಂಸ, ಬಿಯರು, ಬೆಣ್ಣೆಯ ಸಮೇತ ಫ್ರಿಜ್ಜನ್ನು ಹಗ್ಗದಲ್ಲಿ ಬಿಗಿದು, ವಿಜಯೋತ್ಸವದ ಆನೆಯಂತೆ ನಡುರಸ್ತೆಯಲ್ಲಿ ನಡೆಸಿಕೊಂಡು ಹೋಗಿ, ಹೊಸ ಅಡುಗೆಮನೆಯಲ್ಲಿ ಪ್ರತಿಷ್ಠಾಪಿಸಿ ಹಿಂದಿರುಗಿದೆ. ಅಷ್ಟರಲ್ಲಿ ಲೊರೇನ್ ಬಂದಳು. ಫ್ರಿಜ್ ಇದ್ದ ಜಾಗದ ಧೂಳಿನ ಚೌಕವನ್ನು ನೋಡುತ್ತ ನಿಂತಳು.

"ಫ್ರಿಜ್ ಎಲ್ಲಿ?"

"ಮಿಸೌರಿಯಲ್ಲಿ."

"ತರಕಾರಿ ಡ್ರಾಯರ್ ತೆಗೆದು ನೋಡಿದ್ಯಾ?"

"ನಾನ್ಯಾಕೆ ತರಕಾರಿ ಡ್ರಾಯರ್ ತೆಗೀಲಿ?" ಇದು ವ್ಯಂಗ್ಯವಲ್ಲ. ಮದುವೆಯಾದಂದಿನಿಂದ ತೆಗೆದಿಲ್ಲ.

"ಅವಳು ಅದರಲ್ಲಿದಾಳೆ. ಎಲ್ಲರೂ ಅದರಲ್ಲೇ ಇದಾರೆ. ಚಳಿಗಾಲದಲ್ಲಿ ಅವು ಥಂಡಿಯಲ್ಲಿ ಮಲಗಬೇಕು ವೆಂಡೆಲ್. ನೆಲಮಾಳಿಗೆ ಬೆಚ್ಚಗಿರುತ್ತೆ. ಪ್ರತಿ ನವೆಂಬರ್ ಬೀಟ್‌ರೂಟಿನ ಹಿಂದೆ ಇಡ್ತೀನಿ. ಆರು ವರ್ಷದಿಂದ."

ಐನೂರು ಇರುವೆಗಳ ಶಯನಾಗಾರದ ಮೇಲಿನ ಖಾನೆಯಿಂದ ಆರು ವರ್ಷ ಬಿಯರು ಎತ್ತಿಕೊಂಡು ಕುಡಿದಿದ್ದೆ.

ಅವಳು ಮಂಡಿ ಹಿಡಿದುಕೊಂಡೇ ರಸ್ತೆಗೆ ಓಡಿದಳು; ಹಿಂದೆ ನಾನು. ಡ್ರಾಯರ್ ಎಳೆದಳು. ಇರುವೆಗಳನ್ನಿಟ್ಟ ಗಾಜಿನ ನಳಿಗೆ ಒಡೆದಿರಲಿಲ್ಲ. ಒಳಗೆ ಎಲ್ಲ ಒಂದೇ ಮುದ್ದೆಯಾಗಿ ಮಲಗಿದ್ದವು. ನಡುವೆ ದಪ್ಪನೆಯದೊಂದರ ಮೀಸೆ ಮೆಲ್ಲಗೆ ಅಲುಗಿತು. ಲೊರೇನ್ ಉಸಿರು ಬಿಟ್ಟಳು. ಆಗಲೇ ಬಾಗಿಲಲ್ಲಿ ಯಾರೋ ಕೆಮ್ಮಿದರು.

"ಟಿಬೆಟ್ಸ್, ಕೃಷಿ ಇಲಾಖೆ. ಆ ಮನೆಯಲ್ಲಿ ಯಾರೂ ಇರಲಿಲ್ಲ." ಅವರ ಕಣ್ಣು ಡ್ರಾಯರಿಗೆ ಹೋಯಿತು. "ದಾಟಿಸಿದ್ಯಾರು?"

ಲೊರೇನ್ ಬೆರಳು ನನ್ನತ್ತ ತಿರುಗಿತು.

"ಫೋನ್ ಮಾಡಿದ್ದು?"

ಬೆರಳು ಅಲ್ಲೇ ಇತ್ತು.

ಟಿಬೆಟ್ಸ್ ಕನ್ನಡಕ ತೆಗೆದರು. "ಮೊದಲು ನಮಗೆ ತಿಳಿಸಿ ಆಮೇಲೆ ಕಾನೂನು ಮುರಿದವರನ್ನ ನಾನು ನೋಡೇ ಇರ್ಲಿಲ್ಲ. ನಿಯಮದ ಪ್ರಕಾರ ಇವನ್ನ ವಶಕ್ಕೆ ತಗೊಂಡು ಫ್ರೀಜರಿಗೆ ಹಾಕ್ಬೇಕು. ಅಲ್ಲಿಂದ ಏಳಲ್ಲ ಇವು."

ಲೊರೇನ್ ಡ್ರಾಯರ್ ಒಳಗೆ ತಳ್ಳಿ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ನನ್ನ ಸಿಟ್ಟು ಎಲ್ಲಿ ಸೋರಿಹೋಯಿತೋ ತಿಳಿಯದು.

"ತಪ್ಪು ನಂದು ಮೇಡಂ," ಎಂದೆ. "ಅವಳು ಆರು ವರ್ಷ ಸಾಕಿದಾಳೆ. ನಾನು ಒಂದು ಡ್ರಾಯರ್ ತೆಗೆದು ನೋಡ್ಲಿಲ್ಲ. ದಂಡ ನನಗೆ ಹಾಕಿ."

ಟಿಬೆಟ್ಸ್ ಕನ್ನಡಕ ಮತ್ತೆ ಹಾಕಿಕೊಂಡರು. "ಈಗಲೇ, ನನ್ನ ಕಣ್ಣೆದುರು, ಇದ್ದ ಜಾಗಕ್ಕೆ ವಾಪಸ್ ತಗೊಂಡ್ಹೋಗಿ. ಪರ್ಮಿಟ್ ಬರೋವರೆಗೆ ಅಲ್ಲೇ ಇರ್ಲಿ. ಆದರೆ ಜವಾಬ್ದಾರಿ ಇರೋ ಒಬ್ಬರು ಅದೇ ಮನೆಯಲ್ಲಿ ಇರ್ಬೇಕು."

"ವಾಪಸ್ ಒಯ್ಯೋದೂ ಗಡಿ ದಾಟಿದ ಹಾಗೇ ಅಲ್ವಾ ಮೇಡಂ? ನಿಯಮದಲ್ಲಿ—"

"ಬಾಯಿ ಮುಚ್ಚು ವೆಂಡೆಲ್," ಎಂದಳು ಲೊರೇನ್. ಟಿಬೆಟ್ಸ್ ತಲೆಯಾಡಿಸಿದರು. "ಅಲ್ಲಿ ಇವನೇ ಇರ್ತಾನೆ," ಎಂದು ಲೊರೇನ್ ಸೇರಿಸಿದಳು. "ಕಾನೂನು ಇಷ್ಟ ಇವನಿಗೆ. ನನ್ನ ಮಂಡಿಗೆ ಮೆಟ್ಟಿಲು ಸಾಕಾಗಿದೆ."

ಡೆಲ್ಬರ್ಟ್ ಕೆಲಸಕ್ಕೆ ಹೋಗಿದ್ದ. ಫ್ರಿಜ್ಜನ್ನು ಒಬ್ಬನೇ ತಳ್ಳಿದೆ. ಹಿಂದೆ ಸರ್ಕಾರ, ಅದರ ಹಿಂದೆ ಹೆಂಡತಿ, ಎರಡೂ ರಾಜ್ಯಗಳ ಕಿಟಕಿಗಳಲ್ಲಿ ಜನ.

ಈಗ ಹೆಂಡತಿ ಮಿಸೌರಿಯಲ್ಲಿ, ನಾನು ಕ್ಯಾನ್ಸಸ್‌ನಲ್ಲಿ. ಖಾಲಿ ಮನೆಯಲ್ಲಿ ಒಂದು ಮಂಚ, ಒಂದು ಫ್ರಿಜ್, ಐನೂರು ನಿದ್ದೆಬುರುಕರು, ಒಬ್ಬ ಕಾವಲುಗಾರ. ದಿನಾ ಡ್ರಾಯರ್ ತೆಗೆದು, ಇರುವೆಗಳಿಗೆ ನೀರಿಗೆಂದು ನಳಿಗೆಯಲ್ಲಿಟ್ಟ ಹತ್ತಿ ಒದ್ದೆಯಿದೆಯೇ ನೋಡಿ, ಫೋನಿನಲ್ಲಿ ವರದಿ ಒಪ್ಪಿಸುತ್ತೇನೆ. ನಿನ್ನೆ ಸಂಜೆ ಎದುರಿನ ಕಿಟಕಿಯಲ್ಲಿ ಬೆಚ್ಚಗೆ ದೀಪ ಉರಿಯುತ್ತಿತ್ತು. ಅವಳು ಸೂಪು ಕುಡಿಯುವುದು ಕಾಣುತ್ತಿತ್ತು. ವರದಿ ಮುಗಿದ ಮೇಲೆ ತಡೆಯಲಾಗಲಿಲ್ಲ.

"ಲೊರೇನ್, ನಿಜ ಹೇಳು. ನಿನಗೆ ಜಾಸ್ತಿ ನೆನಪಾಗೋದು ಯಾರು? ನಾನೋ, ಅವಳೋ?"

"ಅವಳು," ಎಂದಳು ಲೊರೇನ್. "ನೀನು ಯಾವಾಗ ಬೇಕಾದ್ರೂ ರಸ್ತೆ ದಾಟಬಹುದಲ್ಲ."