ಹಾಡಿನ ಹಿಂದೆ ಹೋದ ಅತ್ತೆ

ನಮ್ಮ ಅತ್ತೆಯನ್ನು ಕಳೆದುಕೊಳ್ಳುವುದು ಬಹಳ ಸುಲಭ. ಹತ್ತಿರದಲ್ಲಿ ಯಾರಾದರೊಬ್ಬರು ಹಾಡಿದರೆ ಸಾಕು! ಬರೀ ಗುನುಗಿದರೂ ನಡೆಯುತ್ತದೆ. ಹಾಡು ಯಾವ ಭಾಷೆಯದು, ತಾನು ಹೊರಟದ್ದು ಎಲ್ಲಿಗೆ, ಜೊತೆಯಲ್ಲಿ ಸೊಸೆಯೊಬ್ಬಳು ಇದ್ದಳಲ್ಲ ಅವಳೇನಾದಳು, ಇದ್ಯಾವುದೂ ಆಮೇಲೆ ಅವರ ತಲೆಯಲ್ಲಿ ಇರುವುದಿಲ್ಲ. ಹಾಗೆಂದು ಅವರನ್ನು ಸಂಗೀತಪ್ರೇಮಿ ಎಂದು ಕರೆದುಬಿಡಬೇಡಿ. ಸಂಗೀತಪ್ರೇಮಿಗಳು ಟಿಕೆಟ್ ತೆಗೆದುಕೊಂಡು ಕುರ್ಚಿಯಲ್ಲಿ ಕೂರುತ್ತಾರೆ, ಮುಗಿದ ಮೇಲೆ ಮನೆಗೆ ಬರುತ್ತಾರೆ. ಅತ್ತೆಯ ವಿಷಯದಲ್ಲಿ ಈ ಕೊನೆಯ ಭಾಗವೇ ಕಷ್ಟ!

ನಾನು ಮದುವೆಯಾಗಿ ಮುಂಬೈ ಪಕ್ಕದ ಡೊಂಬಿವಲಿಗೆ ಬಂದ ವರ್ಷವೇ ಅತ್ತೆಯೂ ಉಡುಪಿ ಕಡೆಯಿಂದ ನಮ್ಮ ಜೊತೆಗಿರಲು ಬಂದರು. ಬಂದು ಒಂದು ತಿಂಗಳಾಗಿರಬೇಕು, ಥಾಣೆಯಲ್ಲಿ ಹೋಟೆಲು ನಡೆಸುವ ಅವರ ತಮ್ಮನ ಮಗಳಿಗೆ ನಿಶ್ಚಿತಾರ್ಥ. ಬೆಳಗಿನ ಫಾಸ್ಟ್ ಲೋಕಲ್ ರೈಲು, ಲೇಡೀಸ್ ಡಬ್ಬಿ. ಒಳಗೆ ಆಫೀಸಿಗೆ ಹೋಗುವ ಮರಾಠಿ ಹೆಂಗಸರ ಭಜನಾ ಮಂಡಳಿ. ಕೈಯಲ್ಲಿ ತಾಳ, ಬಾಯಲ್ಲಿ ಅಭಂಗ. ಅತ್ತೆಗೆ ಆಗ ಮರಾಠಿಯಲ್ಲಿ ತರಕಾರಿಗಳ ಹೆಸರು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಆದರೂ ಜನರ ನಡುವೆ ನುಸುಳಿ ಅವರ ಪಕ್ಕ ಕೂತೇಬಿಟ್ಟರು. ಥಾಣೆ ಬಂತು. "ಅತ್ತೆ, ಇಳೀರಿ!" ಎಂದು ಕೂಗಿದೆ. ಹಿಂದಿದ್ದವರು ನನ್ನನ್ನು ಹಣ್ಣಿನ ತಟ್ಟೆಯ ಸಮೇತ ಪ್ಲಾಟ್‌ಫಾರ್ಮಿಗೆ ನೂಕಿದರು. ತಿರುಗಿ ನೋಡಿದರೆ ಅತ್ತೆ ಕಣ್ಣು ಮುಚ್ಚಿ ಚಪ್ಪಾಳೆ ತಟ್ಟುತ್ತಾ ದಾದರಿನ ಕಡೆ ಹೊರಟುಹೋಗುತ್ತಿದ್ದರು!

ಬೇರೆ ಡಬ್ಬಿಯಿಂದ ಇಳಿದ ನನ್ನ ಗಂಡ ದಾದರಿಗೆ ಓಡಿದರು. ನಾನು ಮಂಟಪದಲ್ಲಿ ನೆಂಟರಿಗೆಲ್ಲ ಉತ್ತರ ಹೇಳುತ್ತಾ ಬೆವರಿದೆ. ಊಟದ ಎಲೆ ತೆಗೆಯುವ ಹೊತ್ತಿಗೆ ಅತ್ತೆ ಒಬ್ಬರೇ ನಗುತ್ತಾ ಬಂದರು. ಮುಡಿಯಲ್ಲಿ ಯಾರೋ ಕೊಟ್ಟ ಮಲ್ಲಿಗೆಯ ಗಜರೆ.

"ಆಯ್ತಾ ಎಲ್ಲ? ಹುಡುಗ ಚೆಂದ ಉಂಟಾ?"

ಎಂಥ ಪ್ರಶ್ನೆ! ಸೋದರತ್ತೆಯಾಗಿ ಆರತಿ ಎತ್ತಬೇಕಾಗಿದ್ದವರು ಅವರೇ!

ಅಲ್ಲಿಗೆ ಮುಗಿಯಲಿಲ್ಲ. ಮರುದಿನದಿಂದ ನಮ್ಮ ಅಡುಗೆಮನೆಯಲ್ಲಿ ಅದೇ ಅಭಂಗ. ಮೊದಲ ಚರಣ ಮೆಲ್ಲಗೆ, ಎರಡನೆಯದಕ್ಕೆ ಬಂದಾಗ ಕಿವಿ ಕಿತ್ತುಹೋಗುವಂಥ ದನಿ! "ಅಲ್ಯಾಕೆ ಕಿರುಚ್ತೀರಿ ಅತ್ತೆ?" ಎಂದೆ. "ಅವರು ಹಾಗೇ ಹೇಳಿದ್ದು" ಎಂದರು. ಯೋಚಿಸಿದಾಗ ಹೊಳೆಯಿತು: ಮುಂಬ್ರಾ ದಾಟಿ ರೈಲು ಸುರಂಗಕ್ಕೆ ನುಗ್ಗಿದಾಗ, ಆ ಸದ್ದಿನಲ್ಲಿ ಕೇಳಿಸಲೆಂದು ಪಾಪ ಆ ಹೆಂಗಸರು ದನಿ ಏರಿಸಿದ್ದರು. ಅತ್ತೆ ಹಾಡಿನ ಜೊತೆ ಸುರಂಗವನ್ನೂ ಕಲಿತು ಬಂದಿದ್ದರು!

ಮುಂದೆ ನಮ್ಮ ಬಿಲ್ಡಿಂಗಿನ ಪಕ್ಕ ಇನ್ನೊಂದು ಬಿಲ್ಡಿಂಗ್ ಏಳತೊಡಗಿತು. ವಿಜಯಪುರದ ಕಡೆಯ ಹೆಂಗಸೊಬ್ಬಳು ಅಲ್ಲಿ ಮರಳು ಹೊರುತ್ತಿದ್ದಳು. ನಡುವೆ ಬಿಡುವು ಮಾಡಿಕೊಂಡು ಸೀರೆಯ ಜೋಲಿಯಲ್ಲಿದ್ದ ಕೂಸನ್ನು ತೂಗುತ್ತಾ ಹಾಡುತ್ತಿದ್ದಳು. ತರಕಾರಿಗೆ ಹೋದ ಅತ್ತೆ ಬರಲಿಲ್ಲವೆಂದು ಹುಡುಕಿದರೆ, ಸಿಮೆಂಟಿನ ಮೂಟೆಯ ಮೇಲೆ ಕೂತಿದ್ದಾರೆ! ಸಂಜೆ ಅವಳನ್ನು ಕೂಸಿನ ಸಮೇತ ಮನೆಗೇ ಕರೆತಂದರು.

"ಯಕ್ಕಾ, ನಾ ಹಾಡಾಕಿ ಅಲ್ರೀ," ಎಂದು ಅವಳು ಮುದುಡಿದಳು. "ಕೂಸು ಮಲಗ್ಲಿ ಅಂತ ಏನೋ ಗುಣುಗತೀನಿ."

"ನನಗೆ ಅದೇ ಬೇಕಾದ್ದು. ನೀನು ಚಾ ಕುಡಿ ಮೊದಲು," ಎಂದರು ಅತ್ತೆ.

ಲಿಫ್ಟಿನಲ್ಲಿ ಸಿಮೆಂಟಿನ ಹೆಜ್ಜೆ ಮೂಡಿದೆಯೆಂದು ಜಗಳಕ್ಕೆ ಬಂದ ಸೊಸೈಟಿಯ ಸೆಕ್ರೆಟರಿಗೆ, "ಬೈಠೋ, ಗಾನಾ ಸುನೋ" ಎಂದು ಕುರ್ಚಿ ತೋರಿಸಿದರು. ಆ ಮನುಷ್ಯ ಕೂತು ಕೇಳಿ ಚಹಾ ಕುಡಿದು ಹೋದ! ಬಿಲ್ಡಿಂಗ್ ಮುಗಿದು ಅವಳು ಬೇರೆ ಕಡೆ ಹೋದ ಮೇಲೆ, ಅಷ್ಟರಲ್ಲಿ ಹುಟ್ಟಿದ್ದ ನನ್ನ ಮಗಳು ಮಲಗುತ್ತಿದ್ದದ್ದು ಆ ಜೋಗುಳಕ್ಕೇ. ಆದರೆ ಮೂರನೆಯ ಸಾಲಿನ ನಡುವೆ ಅತ್ತೆ ಎರಡು ಸಲ ಕೆಮ್ಮುತ್ತಿದ್ದರು. ಕಣ್ಣು ಮುಚ್ಚಿದ್ದ ಮಗು ಬೆಚ್ಚಿ ಎದ್ದೇಳುತ್ತಿತ್ತು!

"ಅತ್ತೆ, ಅವಳು ಕೆಮ್ಮಿದ್ದು ಸಿಮೆಂಟಿನ ಧೂಳಿಗೆ. ಕೆಮ್ಮು ಹಾಡಿನದಲ್ಲ!"

"ಗೊತ್ತುಂಟು. ಅದನ್ನು ಬಿಟ್ಟರೆ ಅವಳು ಹೇಗೆ ಬರುದು ಇಲ್ಲಿಗೆ?"

ಇನ್ನಾದರೂ ಮನೆಯಲ್ಲೇ ಕೂತು ಕೇಳಲಿ ಎಂದು ನನ್ನ ಗಂಡ ಹಾಡು ತುಂಬಿಸಿದ ಮೊಬೈಲ್ ತಂದುಕೊಟ್ಟರು. ಅತ್ತೆ ಸ್ವಲ್ಪ ಹೊತ್ತು ಕೇಳಿದರು.

"ಇದು ಯಾರು ಹಾಡುದು?"

"ಯಾರೋ. ಗೊತ್ತಿಲ್ಲ ಅಮ್ಮ."

"ಮನೆ ಎಲ್ಲಿ ಅವಳದ್ದು?"

"ನನಗೆ ಹೇಗೆ ಗೊತ್ತಿರ್ತದೆ!"

"ಗುರ್ತ ಇಲ್ಲದವರ ಹಾಡು ನನಗೆಂತಕ್ಕೆ ಮಾರಾಯ?" ಎಂದು ಮೊಬೈಲನ್ನು ಅಕ್ಕಿ ಡಬ್ಬದ ಮೇಲಿಟ್ಟರು. ಅದು ಅಲ್ಲೇ ಉಳಿಯಿತು.

ಒಮ್ಮೆ ಬುದ್ಧಿಯಿಲ್ಲದೆ ಅವರನ್ನು ಬೇಲಾಪುರದ ನನ್ನ ಆಫೀಸು ತೋರಿಸಲು ಕರೆದೊಯ್ದೆ. ಮಧ್ಯಾಹ್ನ ಸಾಹೇಬರೇ ಬಂದು, "ಮೇಡಮ್, ಗೇಟಿಗೆ ಹೋಗಿ ನೋಡಿ" ಎಂದರು. ವಾಚ್‌ಮನ್ನನ ಕುರ್ಚಿಯಲ್ಲಿ ಅತ್ತೆ. ಎದುರು ನಿಂತು ತನ್ನೂರಿನ ಭೋಜಪುರಿ ಹಾಡು ಹೇಳುತ್ತಿದ್ದ ವಾಚ್‌ಮನ್. ಅವನ ಕೈಯಲ್ಲಿ ನನ್ನ ಊಟದ ಡಬ್ಬಿ! "ಹಸಿದವನು ಹಾಡಬಾರದು" ಎಂದು ಅತ್ತೆ ನನಗೇ ಗದರಿದರು. ನಾನು ವಡಾಪಾವ್ ತಿಂದೆ.

ಆಮೇಲಿನ ವರ್ಷಗಳಲ್ಲಿ ಅತ್ತೆಯ ಕಿವಿ ಮಂದವಾಗತೊಡಗಿತು. ಕಲ್ಯಾಣದ ಡಾಕ್ಟರು ಮಶೀನು ಕೊಟ್ಟರು. "ಇದರಲ್ಲಿ ಎಲ್ಲರೂ ಸ್ಟೇಷನ್ನಿನ ಮೈಕಿನ ಹಾಗೆ ಮಾತಾಡ್ತಾರೆ" ಎಂದು ತೆಗೆದಿಟ್ಟರು. ಲೋಕಲಿನಲ್ಲಿ ಭಜನೆ ನಡೆಯುತ್ತಿದ್ದರೂ ನನ್ನ ಪಕ್ಕದಲ್ಲೇ ಸುಮ್ಮನೆ ಕೂತಿರುತ್ತಿದ್ದರು. ಥಾಣೆ ಬಂದಾಗ ನಾನು ಕೈ ಹಿಡಿದರೆ ಇಳಿಯುತ್ತಿದ್ದರು. ಇಷ್ಟು ವರ್ಷ ನಾನು ಬೇಡಿಕೊಂಡದ್ದು ಇದನ್ನೇ ತಾನೇ? ಆದರೆ ಆ ಮೌನ ನನಗೆ ಸಹಿಸಲಾಗಲಿಲ್ಲ.

ಒಂದು ಭಾನುವಾರ ಅಡುಗೆಮನೆಯಲ್ಲಿ ಬಸಳೆ ಬಿಡಿಸುತ್ತಾ ಕೂತಿದ್ದೆ. ಅತ್ತೆ ಮಣೆ ಎಳೆದುಕೊಂಡು ಹತ್ತಿರ ಬಂದರು.

"ನೀನೊಂದು ಹಾಡು ಹೇಳು."

"ನಾನಾ? ನನಗೆ ಬರುದಿಲ್ಲ ಅತ್ತೆ!" ಎಂದು ಕೂಗಿ ಹೇಳಿದೆ.

"ಊರವರದ್ದೆಲ್ಲ ಕೇಳಿದೆ. ಒಂದೇ ಮನೆಯಲ್ಲಿದ್ದು ನಿನ್ನದೊಂದು ನನ್ನ ಹತ್ತಿರ ಇಲ್ಲ."

ನನ್ನ ಅಮ್ಮ ತಲೆ ಬಾಚುವಾಗ ಹೇಳುತ್ತಿದ್ದ ಹಾಡೊಂದು ಅರ್ಧಂಬರ್ಧ ನೆನಪಿತ್ತು. ನಾಚಿಕೆ ಬಿಟ್ಟು, ಅವರಿಗೆ ಕೇಳಿಸಲೆಂದು ಗಟ್ಟಿಯಾಗಿ ಶುರುಮಾಡಿದೆ. ಎದುರು ಮನೆಯ ಕಿಟಕಿ ತೆರೆಯಿತು. ತೆರೆಯಲಿ! ಅತ್ತೆ ಮುಂದಕ್ಕೆ ಬಾಗಿ ನನ್ನ ಬೆನ್ನಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು. ಸಾಲು ಮರೆತಲ್ಲಿ ನಾನು ನಿಂತರೆ ಅವರ ಕೈಯೂ ಕಾಯುತ್ತಿತ್ತು.

ಮುಗಿಸಿ, ಅವರ ಕಿವಿಗೆ ಬಾಯಿಟ್ಟು ಕೇಳಿದೆ: "ಕೇಳಿಸಿತಾ ಅತ್ತೆ?"

"ಕೈಗೆ ಕೇಳಿಸಿತು," ಎಂದರು. "ಸ್ವರ ಒಂದು ಚೂರೂ ಸರಿ ಇಲ್ಲ ಮಾರಾಯ್ತಿ. ಇನ್ನೊಮ್ಮೆ ಹೇಳು."