ಹೀರೋನ ತಾಯಿಯನ್ನು ಉಳಿಸಲು ಹೋಗಿ

ಜನ ಮೆಚ್ಚಿದ ಸಿನಿಮಾದ ವಿಡಿಯೋ ಗೇಮ್ ಸಿಕ್ಕರೆ ಕೊಳ್ಳಬಹುದೇ, ಬಾರದೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ನನ್ನ ಬಳಿ ಉತ್ತರ ಸಿದ್ಧವಿತ್ತು. ಕಣ್ಣು ಮುಚ್ಚಿ ಕೊಳ್ಳಬಹುದು! ಗೊತ್ತಿಲ್ಲದ ಗೇಮು ಗೊತ್ತಿಲ್ಲದ ಮನೆತನದ ಹಾಗೆ. ಒಳಗೆ ಏನಿದೆಯೋ ಯಾರು ಬಲ್ಲರು? ಸಿನಿಮಾದ ಗೇಮು ಹಾಗಲ್ಲ. ಊರಿಗೆ ಊರೇ ಸಾಲಿನಲ್ಲಿ ನಿಂತು, ನೂಕಾಡಿ, ಅಂಗಿ ಹರಿದುಕೊಂಡು, ಅತ್ತು, ಶಿಳ್ಳೆ ಹೊಡೆದು ಪರೀಕ್ಷೆ ಮಾಡಿದ ಮಾಲು ಅದು. ಇದಕ್ಕಿಂತ ದೊಡ್ಡ ಗ್ಯಾರಂಟಿ ಬೇಕೆ?

ಇಷ್ಟು ಖಚಿತವಾಗಿ ಮಾತಾಡುವ ನಾನು ಅಲ್ಲಿಯವರೆಗೆ ಒಂದು ವಿಡಿಯೋ ಗೇಮನ್ನೂ ಕೈಯಿಂದ ಮುಟ್ಟಿರಲಿಲ್ಲ ಎಂಬುದು ಬೇರೆ ಮಾತು.

ನಾನು ಹೊಸಪೇಟೆಯ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ನೀರು ಬಿಟ್ಟರೆ ಕಾಲುವೆ ಒಡೆದೀತು, ಬಿಡದಿದ್ದರೆ ಕಬ್ಬು ಒಣಗೀತು ಎಂದು ಎರಡೂ ಕಡೆಯಿಂದ ಚಿಂತೆ ಮಾಡುವವನು. ನನಗೆ ಒಂದು ಗೇಣು ಹೊಲವೂ ಇಲ್ಲ. ಆದರೆ ಚಿಂತೆಗೆ ಪಹಣಿ ಬೇಕಾಗುವುದಿಲ್ಲವಲ್ಲ!

ಆ ವರ್ಷ ನನ್ನ ಚಿಂತೆಗೆ ಹೊಸ ಕಾರಣ ಸಿಕ್ಕಿತ್ತು. ಅದರ ಹೆಸರು ಪಂಪಾಪತಿ. ನನ್ನ ಅಳಿಯ. ತೋರಣಗಲ್ಲಿನ ಕಡೆಯ ಕಾರ್ಖಾನೆಯಲ್ಲಿ ಕೆಲಸ, ಕುರೆಕುಪ್ಪದಲ್ಲಿ ಮನೆ, ದುಶ್ಚಟ ಒಂದೂ ಇಲ್ಲ. ಮಾತೂ ಇಲ್ಲ! ಮದುವೆಯಾಗಿ ಇಷ್ಟು ತಿಂಗಳಾದರೂ ಆತ ನನ್ನ ಜೊತೆ ಒಂದು ಮಾತು ಆಡಿರಲಿಲ್ಲ. ನಾನು "ಬರ್ರಿ" ಎಂದರೆ ತಲೆ ಅಲ್ಲಾಡಿಸುತ್ತಿದ್ದ. "ಕುಂದ್ರಿ" ಎಂದರೆ ಕುಳಿತು ತಲೆ ಅಲ್ಲಾಡಿಸುತ್ತಿದ್ದ. ಗಂಡುಮಕ್ಕಳಿಲ್ಲದ ನನಗೆ ಈ ಅಳಿಯನಾದರೂ ಜಗುಲಿಯ ಮೇಲೆ ಕುಳಿತು ನಾಲ್ಕು ಮಾತಾಡಲಿ, ಒಮ್ಮೆಯಾದರೂ ಬಾಯಿ ತುಂಬ "ಮಾವಾ" ಎನ್ನಲಿ ಎಂಬ ಆಸೆ. ದೊಡ್ಡ ಆಸೆಯೇನಲ್ಲ. ಆದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಅಳಿಯನ ಮೊದಲ ದೀಪಾವಳಿ ಬಂತು. ಮೊದಲ ದೀಪಾವಳಿಗೆ ಅತ್ತೆಮನೆಗೆ ಬಂದ ಅಳಿಯನಿಗೆ ಎಣ್ಣೆಸ್ನಾನ, ಆರತಿ, ಉಡುಗೊರೆ ಮಾತ್ರವಲ್ಲ, ಮುನಿಸಿಕೊಳ್ಳುವ ಹಕ್ಕೂ ಉಂಟು. ಉಡುಗೊರೆ ಮನಸ್ಸಿಗೆ ಬಾರದಿದ್ದರೆ ಆತ ಮಾತು ಬಿಟ್ಟು ಕೂರಬಹುದು, ಮನೆಯವರು ರಮಿಸಬೇಕು. ನನ್ನ ಸಂಕಟ ನೋಡಿ. ಮಾತಾಡುವ ಅಳಿಯ ಮಾತು ಬಿಟ್ಟರೆ ಮುನಿದಿದ್ದಾನೆ ಎಂದು ತಿಳಿಯುತ್ತದೆ. ಮೊದಲಿನಿಂದಲೂ ಮಾತಾಡದವನು ಮುನಿದರೆ ಗೊತ್ತಾಗುವುದು ಹೇಗೆ?

"ಸುಮ್ನ ಉಂಗುರ ಹಾಕೂಣ್ರಿ. ಎಲ್ಲಾರೂ ಅದನ್ನ ಹಾಕ್ತಾರ" ಎಂದಳು ನನ್ನ ಹೆಂಡತಿ ಗಿರಿಜಾ.

"ಉಂಗುರ ಹಾಕಿದ್ರ ಏನ್ ಮಾಡ್ತಾನ? ಕೈ ನೋಡ್ಕೊಂಡು ತಲಿ ಅಲ್ಲಾಡಸ್ತಾನ. ಅದನ್ನ ಪುಕ್ಕಟೆ ಈಗೂ ಮಾಡ್ತಾನಲ್ಲ!"

ಹಬ್ಬಕ್ಕೆ ಮೊದಲೇ ತವರಿಗೆ ಬಂದಿದ್ದ ಮಗಳು ಸುಮಂಗಲಾಳನ್ನು ಹಿತ್ತಲಿಗೆ ಕರೆದು ಗುಟ್ಟಾಗಿ ವಿಚಾರಿಸಿದೆ. ಆಕೆ ಹೇಳಿದಳು: "ಅಪ್ಪಾ, ಅವ್ರಿಗೆ ಎರಡ ಹುಚ್ಚು. ಒಂದು ಆ ಲಾರಿ ಡ್ರೈವರ್ ಸಿನಿಮಾ. ಎಷ್ಟು ಸರ್ತಿ ನೋಡ್ಯಾರೋ ಅವ್ರಿಗೂ ಗೊತ್ತಿಲ್ಲ. ಇನ್ನೊಂದು ವಿಡಿಯೋ ಗೇಮು. ಡ್ಯೂಟಿ ಮುಗಿಸಿ ಬಂದ್ರ ಟಿವಿಗೆ ಸೆಟ್ ಹಚ್ಕೊಂಡು ಕುಂತಬಿಡ್ತಾರ. ನಾ ಮಾತಾಡ್ಸಿದ್ರ ಬರೇ ಹೂಂ ಅಂತಾರ."

"ನಿನಗ ಹೂಂ ಅಂತಾನ?" ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಸಿನಿಮಾದ ಹೆಸರು ಹೇಳುವುದಿಲ್ಲ. ಆ ಹೀರೋನ ಅಭಿಮಾನಿಗಳು ಇನ್ನೂ ನಮ್ಮ ಓಣಿಯಲ್ಲೇ ವಾಸವಾಗಿದ್ದಾರೆ. ಆ ಸಿನಿಮಾದಲ್ಲಿ ಇಂಟರ್‌ವಲ್‌ಗೆ ಮುಂಚೆ ಹೀರೋನ ತಾಯಿ ಸೇತುವೆಯ ಮೇಲಿಂದ ಹೊಳೆಗೆ ಬೀಳುತ್ತಾಳೆ. ಹೀರೋ ಲಾರಿ ಓಡಿಸಿಕೊಂಡು ಧಾವಿಸುತ್ತಾನೆ. ಅಷ್ಟರಲ್ಲಿ ರೈಲ್ವೆ ಗೇಟು ಹಾಕಿಬಿಡುತ್ತಾರೆ! ಗೇಟು ತೆರೆಯುವ ಹೊತ್ತಿಗೆ ತಾಯಿ ಹೊಳೆಪಾಲು. ಅದಿರಿನ ಗೂಡ್ಸ್ ಗಾಡಿ ದಾಟಲೆಂದು ಗೇಟಿನಲ್ಲಿ ನಿಂತು ನಿಂತೇ ವಯಸ್ಸು ಕಳೆದ ನಮ್ಮೂರಿನವರಿಗೆ ಆ ದೃಶ್ಯ ನೇರವಾಗಿ ಎದೆಗೆ ತಾಗಿತ್ತು. ಗಿರಿಜಾ ಮನೆಗೆ ಬಂದ ಮೇಲೂ ಅತ್ತಿದ್ದಳು. ಪಕ್ಕದ ಮನೆಯ ಮುದುಕಿ ಹುಲಿಗೆಮ್ಮನಂತೂ ಮರುದಿನ ಗೇಟಿನವನನ್ನು ಕಂಡು ಬೈದು ಬಂದಿದ್ದಳು. ಸಿನಿಮಾದ ಗೇಟಿನವನನ್ನಲ್ಲ, ನಮ್ಮೂರಿನವನನ್ನು!

ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಯಾಸೆಟ್ಟಿನ ಅಂಗಡಿಗೆ ಹೋದೆ. ನೋಡುತ್ತೇನೆ, ಗಾಜಿನ ಹಿಂದೆ ಸಾಕ್ಷಾತ್ ಅದೇ ಹೀರೋ! ಮೀಸೆ, ಲಾರಿ, ಹರಿದ ಬನಿಯನ್, ಎಲ್ಲವೂ ಒಂದು ಹಳದಿ ಗೇಮ್ ಕ್ಯಾಸೆಟ್ಟಿನ ಮೇಲೆ. ಆದರೂ ನಾನು ದುಡುಕುವವನಲ್ಲ. ಕೂಲಂಕಷವಾಗಿ ವಿಚಾರಣೆ ನಡೆಸಿದೆ.

"ಇದ್ರಾಗ ಹೀರೋ ಅದಾನೇನ್ರಿ?"

"ಹೀರೋ ಇಲ್ದ ಗೇಮ್ ಎಲ್ಲ್ಯರ ಇರ್ತದೇನ್ರಿ?" ಎಂದ ಅಂಗಡಿಯವ.

"ಫೈಟಿಂಗು?"

"ಶುರುದಿಂದ ಕಡೀತನ."

"ಹಾಡು?"

"ಒಂದ್ಸರ್ತಿ ಹಚ್ಚಿದ್ರ ನಿಲ್ಲೂದ ಇಲ್ರಿ."

ಕೊನೆಗೆ ದನಿ ತಗ್ಗಿಸಿ ಮುಖ್ಯವಾದುದನ್ನು ಕೇಳಿದೆ. "ಇದ್ರಾಗೂ ಸಾಯ್ತಾರೇನ್ರಿ?" ತಾಯಿಯ ವಿಷಯ ಎಂದು ಬಿಡಿಸಿ ಹೇಳುವುದು ಬೇಡವೆನಿಸಿತು. ಹಬ್ಬ ಹತ್ತಿರವಿತ್ತು.

ಅಂಗಡಿಯವ ಗಂಭೀರನಾದ. "ಸಾಯೂದು ಬಿಡೂದು ಆಡೋರ ಕೈಯಾಗ ಐತಿ ನೋಡ್ರಿ."

ನನ್ನ ಮೈ ಜುಮ್ಮೆಂದಿತು! ಇಡೀ ಊರು ಅತ್ತರೂ ಥಿಯೇಟರಿನಲ್ಲಿ ಉಳಿಸಲಾಗದ ತಾಯಿಯನ್ನು ಮನೆಯಲ್ಲೇ ಕುಳಿತು ಉಳಿಸಬಹುದು! ಇದನ್ನು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಯಾರಿಗೂ ಹೇಳಬೇಡ ಎಂದೂ ಹೇಳಿದೆ. ಗಿರಿಜಾ ಕಾಂಪೌಂಡ್ ಗೋಡೆಯ ಮೇಲಿಂದ ಹುಲಿಗೆಮ್ಮನೊಬ್ಬಳಿಗೆ ಮಾತ್ರ ಹೇಳಿದಳು. ಯಾರಿಗೂ ಹೇಳಬೇಡ ಎಂದು ಆಕೆಯೂ ಹೇಳಿದಳಂತೆ.

ಪಾಡ್ಯದ ದಿನ ಪಂಪಾಪತಿ ಬಂದ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಎದೆಗವಚಿಕೊಂಡ ಗೇಮ್ ಸೆಟ್ಟು. ಎಣ್ಣೆಸ್ನಾನವಾಯಿತು, ಆರತಿಯಾಯಿತು, ನಾಲ್ಕಾರು ಸಲ ತಲೆ ಅಲ್ಲಾಡಿಸಿದ್ದೂ ಆಯಿತು. ಉಡುಗೊರೆಯನ್ನು ಸಂಜೆ, ದೀಪ ಹಚ್ಚಿದ ಮೇಲೆ ಕೊಡುವುದೆಂದು ತೀರ್ಮಾನಿಸಿದ್ದೆವು.

ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ! ಸಿನಿಮಾ ನೋಡಲು ವಿಸಿಪಿ ಬಾಡಿಗೆಗೆ ತಂದ ಮನೆಗೆ ಓಣಿಯೆಲ್ಲ ಚಾಪೆ ಸಮೇತ ಬರುವುದು ನಮ್ಮಲ್ಲಿ ಪದ್ಧತಿ. ಅದೇ ಪ್ರಕಾರ ಎಲ್ಲರೂ ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಮುಂದಿನ ಸಾಲಿನಲ್ಲಿ ಹುಲಿಗೆಮ್ಮ, ಆಕೆಯ ಮುಂದೆ ಒಂದು ದೊಡ್ಡ ಬೋಗುಣಿ ತುಂಬ ಶಾವಿಗೆ ಪಾಯಸ.

"ಇದ್ಯಾಕ ಬೇ?" ಎಂದೆ.

"ಆ ತಾಯಿ ಉಳದ್ ಮ್ಯಾಲ ಎಲ್ಲಾರ ಬಾಯಿಗೂ ಸೀ ಹಾಕ್ಬೇಕಲ್ಲ ತಮ್ಮಾ" ಎಂದು ಅದನ್ನು ನೈವೇದ್ಯದ ಹಾಗೆ ಟಿವಿಯ ಸ್ಟೂಲಿನ ಬುಡಕ್ಕೆ ಸರಿಸಿದಳು.

ಗಿರಿಜಾ ದೇವರ ಮನೆಯಿಂದ ತಟ್ಟೆಯಲ್ಲಿ ಕ್ಯಾಸೆಟ್ಟು ತಂದಳು. ಮನೆಗೆ ಹೊಸದೇನು ಬಂದರೂ ಪೂಜೆಯಾಗದೆ ಬಳಸುವಂತಿಲ್ಲ. ಸೈಕಲ್ಲಿಗೆ, ಮಿಕ್ಸಿಗೆ ಆದಂತೆ ಕ್ಯಾಸೆಟ್ಟಿಗೂ ಪೂಜೆಯಾಗಿತ್ತು. ಹೀರೋನ ಮುಖಕ್ಕೆ ಕುಂಕುಮ ಹಚ್ಚಿದರೆ ಅಳಿಯನಿಗೆ ಬೇಸರವಾದೀತೆಂದು ಆಕೆ ಜಾಣತನದಿಂದ ಕೆಳಗಿನ ಸೀಳಿನೊಳಗೆ, ಸೆಟ್ಟಿಗೆ ಕಚ್ಚಿಕೊಳ್ಳುವ ತಾಮ್ರದ ಹಲ್ಲುಗಳ ಮೇಲೆ, ಒದ್ದೆ ವಿಭೂತಿ ಕುಂಕುಮ ಎರಡನ್ನೂ ಧಾರಾಳವಾಗಿ ಹಚ್ಚಿದ್ದಳು!

ಪಂಪಾಪತಿ ಕ್ಯಾಸೆಟ್ಟನ್ನು ತಿರುಗಿಸಿ ನೋಡಿದ. ನನ್ನ ಮುಖ ನೋಡಿದ. ತಲೆ ಅಲ್ಲಾಡಿಸಿದ. ಸ್ಟೂಲಿನ ಮೇಲೆ ಟಿವಿಯ ಪಕ್ಕ ಇಟ್ಟಿದ್ದ ಸೆಟ್ಟಿಗೆ ಹಾಕಿ ಸ್ವಿಚ್ಚು ಒತ್ತಿದ. ಪರದೆಯ ತುಂಬ ಬರೀ ಗೆರೆ, ಗೆರೆ, ಗೆರೆ.

"ಮಳಿ ಸೀನ್ ಇರ್ಬೇಕು" ಎಂದಳು ಹುಲಿಗೆಮ್ಮ. ಎಲ್ಲರೂ ಸ್ವಲ್ಪ ಹೊತ್ತು ಭಕ್ತಿಯಿಂದ ಮಳೆ ನೋಡಿದರು.

ಅಳಿಯ ಕ್ಯಾಸೆಟ್ಟು ತೆಗೆದು, ಪಂಚೆಯ ತುದಿಯಿಂದ ವಿಭೂತಿ ಒರೆಸಿ, "ಫೂ" ಎಂದು ಊದಿದ. ನನ್ನ ಮನೆಯಲ್ಲಿ ಆತನ ಬಾಯಿಂದ ಬಂದ ಮೊದಲ ಸದ್ದು! ನನ್ನ ಆಸೆ ಚಿಗುರಿತು.

ಈ ಸಲ ಟಿಣಿ ಟಿಣಿ ಎಂದು ಹಾಡು ಶುರುವಾಯಿತು. ನೀಲಿ ಟೋಪಿ ಹಾಕಿದ, ಹೆಬ್ಬೆಟ್ಟಿನ ಗಾತ್ರದ ಒಬ್ಬ ಕುಳ್ಳ ಎಡಗಡೆಯಿಂದ ಓಡಿ ಬಂದ. ಎದುರಿಗೆ ಒಂದು ಹಸಿರು ಕಪ್ಪೆ. ಕುಳ್ಳ ಕಪ್ಪೆಯನ್ನು ಹಾರಿ ಮುಂದೆ ಓಡಿದ. ಸಭೆಯಲ್ಲಿ ಗುಸುಗುಸು ಎದ್ದಿತು.

"ಇಂವ ಯಾರ್ರಿ?" ಎಂದು ಹಿಂದಿನಿಂದ ಒಬ್ಬರು.

"ಮೀಸಿ ಎಲ್ಲಿ?" ಇನ್ನೊಬ್ಬರು.

"ಲಾರಿ ಎಲ್ಲೈತ್ರೀ?" ಇದು ಗಿರಿಜಾ! ಸ್ವಂತ ಹೆಂಡತಿ!

 ಮನೆಯ ಯಜಮಾನ ನಾನು. ಎದ್ದು ನಿಂತು ಘೋಷಿಸಿದೆ: "ಸಮಾಧಾನ ಮಾಡ್ಕೊಳ್ರಿ. ಇದು ಹೀರೋನ ಬಾಲ್ಯ. ಸಣ್ಣವ ಇದ್ದಾಗ ಲೈಸೆನ್ಸ್ ಕೊಡ್ತಾರೇನು?"

ಒಪ್ಪಿದರು! ಅಳಿಯ ಒಮ್ಮೆ ತಿರುಗಿ ನನ್ನನ್ನು ನೋಡಿದ. ಮುಖದಲ್ಲಿ ಏನೂ ತಿಳಿಯಲಿಲ್ಲ. ತಿರುಗಿ ಆಡಲು ಶುರು ಮಾಡುವಷ್ಟರಲ್ಲಿ ಕುಳ್ಳ ಒಂದು ತಗ್ಗಿಗೆ ಬಿದ್ದು ಮಾಯವಾದ. ಹಾಡು ನಿಂತಿತು.

"ಅಯ್ಯೋ ಶಿವನ, ಹಬ್ಬದ ದಿನ ಕೂಸು ಸತ್ತಿತಲ್ಲೋ!" ಹುಲಿಗೆಮ್ಮ ಬಾಯಿಗೆ ಸೆರಗು ಹಚ್ಚಿದಳು. ಅಷ್ಟರಲ್ಲಿ ಕುಳ್ಳ ಎಡಗಡೆಯಿಂದ ಮತ್ತೆ ಬಂದ.

"ಇದು ತಮ್ಮ" ಎಂದೆ. ಬಾಯಿಂದ ಹೊರಟುಹೋಯಿತು, ಏನು ಮಾಡಲಿ?

"ಆಕೀಗೆ ಎರಡು ಮಕ್ಕಳಿದ್ದೂ ಹೊಳಿಪಾಲಾದ್ಲು!" ಎಂದು ಹುಲಿಗೆಮ್ಮ ಇನ್ನಷ್ಟು ನೊಂದುಕೊಂಡಳು. "ತಮ್ಮಾ, ಅಳಿಯಾರ್ನ ಯಾಕ್ ದಣಸ್ತೀಯಪ್ಪ? ತಾಯಿ ಉಳಸ್ತೀನಿ ಅಂದಾವ ನೀನು. ನೀನ ಹಿಡಿ."

ಅಳಿಯ ಸೆಟ್ಟಿಗೆ ವೈರಿನಿಂದ ಜೋಡಿಸಿದ್ದ, ಒತ್ತುವ ಗುಂಡಿಗಳಿದ್ದ ಹಿಡಿಯನ್ನು ನನ್ನ ಕೈಗಿತ್ತ. ಹಿಂದೆ ಸರಿಯುವಂತಿರಲಿಲ್ಲ. ಒಂದು ಗುಂಡಿ ಒತ್ತಿದರೆ ಕುಳ್ಳ ಓಡುತ್ತಿದ್ದ, ಇನ್ನೊಂದು ಒತ್ತಿದರೆ ಹಾರುತ್ತಿದ್ದ. ದೇವರ ದಯೆಯಿಂದ ಕಪ್ಪೆಗಳನ್ನು ದಾಟಿದೆ, ಆ ತಗ್ಗನ್ನೂ ದಾಟಿದೆ. ಆಮೇಲೆ ಪರದೆಯ ಮೇಲೆ ಬಂತು ನೋಡಿ, ಒಂದು ಮುರಿದ ಸೇತುವೆ! ಸೇತುವೆಯ ಆ ಕಡೆ ಬೆಳ್ಳಗೆ ಏನೋ ನಿಂತು ಅಲುಗುತ್ತಿತ್ತು!

"ಸೇತುವಿ!" ಎಂದು ಓಣಿಗೆ ಓಣಿಯೇ ಕೂಗಿತು.

"ಆಕೀನ ಅದಾಳ! ಬಿಳೀ ಸೀರಿ!" ಹುಲಿಗೆಮ್ಮ ಮೊಣಕಾಲ ಮೇಲೆ ಎದ್ದಳು. "ಗೇಟ್ ಹಾಕೂದ್ರಾಗ ಹಾರೋ ಯಪ್ಪಾ, ಹಾರು!"

"ಹಾರ್ರಿ!" ಎಂದು ಗಿರಿಜಾ. "ಹಾರಪ್ಪಾ!" ಎಂದು ಸುಮಂಗಲಾ.

ಇಷ್ಟು ಜನ ಒಟ್ಟಿಗೆ ಹೇಳಿದ ಮೇಲೆ ನಾನು ಹಾರಿದೆ. ಗುಂಡಿ ಒತ್ತುವುದನ್ನು ಮರೆತು, ಹಿಡಿಯನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ, ಸ್ವತಃ ನಾನೇ ಹಾರಿದೆ!

ಹಿಡಿಯ ಹಿಂದೆ ವೈರು, ವೈರಿನ ಹಿಂದೆ ಸೆಟ್ಟು. ಅದು ಸ್ಟೂಲಿನ ಮೇಲಿಂದ ಜಿಗಿದು, ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಹುಲಿಗೆಮ್ಮನ ಪಾಯಸದೊಳಗೆ ನೆಟ್ಟಗೆ ಇಳಿಯಿತು. ಬುಳುಕ್ ಎಂದಿತು. ಪರದೆ ಕಪ್ಪಾಯಿತು. ಆ ಕಡೆ ನಿಂತಿದ್ದುದು ತಾಯಿಯೋ, ಬಿಳಿ ಕಪ್ಪೆಯೋ ನಮ್ಮ ಓಣಿಯಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ.

 ಪಂಪಾಪತಿ ಎದ್ದ. ಬಗ್ಗಿ, ಎರಡು ಬೆರಳಿನಿಂದ ಸೆಟ್ಟನ್ನು ಮೇಲೆತ್ತಿದ. ಅದರ ಸುತ್ತ ಶಾವಿಗೆ ಜೋತಾಡುತ್ತಿತ್ತು. ಆತನ ಭುಜ ಅಲುಗತೊಡಗಿತು. ಮುಗಿಯಿತು, ಅಳಿಯ ಅಳುತ್ತಿದ್ದಾನೆ! ಇನ್ನು ಚೀಲ ಎತ್ತಿಕೊಂಡು ಹೊರಡುತ್ತಾನೆ. ಕಡೆಯ ಬಸ್ಸು ಎಷ್ಟು ಹೊತ್ತಿಗೆ, ಬೀಗರಿಗೆ ಏನು ಹೇಳಲಿ, ಮಗಳ ಗತಿಯೇನು ಎಂದು ನನ್ನ ತಲೆ ಗಿರಗಿರನೆ ತಿರುಗಿತು.

ಆತ ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು ನಿಜ. ಆದರೆ ನಕ್ಕು ನಕ್ಕು ಬಂದ ನೀರು!

"ಮಾವಾರ" ಎಂದ. "ಹಾರ್ಬೇಕಾಗಿದ್ದು ಹೀರೋ ಅಲ್ಲೇನ್ರೀ? ನೀವ್ಯಾಕ್ ಹಾರಿದ್ರಿ?"

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಮಾವಾರ ಅಂದನಲ್ಲ!

ಒಮ್ಮೆ ಬಾಯಿ ತೆರೆದದ್ದೇ ತಡ, ಆತನ ಮಾತು ನಿಲ್ಲಲಿಲ್ಲ. "ಇದು ಆ ಸಿನಿಮಾದ ಗೇಮ್ ಅಲ್ಲ ಬಿಡ್ರಿ. ಬ್ಯಾರೆ ಗೇಮಿಗೆ ಫೋಟೋ ಅಂಟ್ಸಿ ಮಾರ್ತಾರ. ಇದ ಗೇಮ್ ನನ್ನ ಹತ್ರ ಭಾಳ ದಿನದಿಂದ ಐತ್ರಿ."

"ಗೊತ್ತಿದ್ರೂ ಸುಮ್ನ ಕುಂತಿದ್ರೇನ್ರಿ?" ಎಂದೆ.

"ನೀವು ಹೀರೋನ ಬಾಲ್ಯ ಅಂದ್ರಿ. ಆಮ್ಯಾಲೆ ತಮ್ಮ ಅಂದ್ರಿ. ಮುಂದ ಏನ್ ಅಂತೀರೋ ಕೇಳೂಣಂತ ಕುಂತಿದ್ದೆ. ಸಿನಿಮಾಕ್ಕಿಂತ ಮಸ್ತ್ ಇತ್ರಿ!"

ಸೆಟ್ಟನ್ನು ಮಾಳಿಗೆಯ ಮೇಲೆ ಮೆಣಸಿನಕಾಯಿಯ ಪಕ್ಕದಲ್ಲಿ ಒಣಗಿಸಿದೆವು. ಇರುವೆಗಳಿಗೆ ಮಾತ್ರ ಆ ಗೇಮು ಬಹಳ ಹಿಡಿಸಿತು. ಮರುವಾರ ತೆಪ್ಪಗೆ ಉಂಗುರವನ್ನೂ ಹಾಕಿದೆ, ಹೊಸ ಸೆಟ್ಟನ್ನೂ ಕೊಡಿಸಿದೆ. ಸಿನಿಮಾದ ಗೇಮು ಕೊಳ್ಳಬಹುದೇ ಎಂದು ಈಗ ನಿಜವಾಗಿಯೂ ಜನ ನನ್ನನ್ನು ಕೇಳುತ್ತಾರೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಹಚ್ಚಿಸಿ ನೋಡಿ ಎನ್ನುತ್ತೇನೆ. ಇಷ್ಟು ಸರಳವಾದ ಮಾತು ಆಗ ನನಗೆ ಹೊಳೆಯಲಿಲ್ಲ.

ಅಳಿಯ ಮಾತಾಡಬೇಕೆಂದು ಬಯಸಿದ್ದೆ. ಈಗ ಪಂಪಾಪತಿ ಎಲ್ಲರ ಜೊತೆಗೂ ಧಾರಾಳವಾಗಿ ಮಾತಾಡುತ್ತಾನೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಾತಾಡುತ್ತಾನೆ, ಬಸ್ಸಿನಲ್ಲಿ ಮಾತಾಡುತ್ತಾನೆ, ಸಂಡೂರಿನ ನೆಂಟರ ಮನೆಯಲ್ಲಿ ಮಾತಾಡುತ್ತಾನೆ. ವಿಷಯ ಮಾತ್ರ ಒಂದೇ.

ಮೊನ್ನೆ ಕಂಪ್ಲಿಯಲ್ಲಿ ಬೀಗರ ಕಡೆಯ ಮದುವೆಗೆ ಹೋಗಿದ್ದೆ. ಗುರುತಿಲ್ಲದ ಹಿರಿಯರೊಬ್ಬರು ಎದುರಿಗೆ ಬಂದು, "ನೀವು ಪಂಪಾಪತಿ ಅವ್ರ ಮಾವಾರಲ್ರೀ?" ಎಂದರು. ನಾನು ಶಲ್ಯ ಸರಿಮಾಡಿಕೊಂಡು, ಎದೆಯುಬ್ಬಿಸಿ, "ಹೌದ್ರಿ" ಎಂದೆ. ಅವರು ಸಂತೋಷದಿಂದ ನನ್ನ ಕೈ ಹಿಡಿದು ಊಟದ ಪಂಕ್ತಿಗೆ ಕರೆದೊಯ್ದು, ಎಲೆಯ ಮುಂದೆ ಕೂರಿಸಿ, ಬಡಿಸುವವನನ್ನು ಕೂಗಿ ಕರೆದರು.

"ಏ, ಇಲ್ಲಿ ಪಾಯಸ ಹಾಕೋವಾಗ ಬೋಗುಣಿ ಗಟ್ಟಿ ಹಿಡ್ಕೊಳಪ. ಇವ್ರು ಹಾರ್ತಾರ!"