ಗಾಜಿನ ಬಾಗಿಲೂ ಊಟಕ್ಕೆ ಕರೆಯುವ ತಮ್ಮನೂ

ಆಗ ನನಗೆ ಅರವತ್ತೊಂಬತ್ತು. ಈಗ್ಗೆ ಮೂರು ವರ್ಷದ ಹಿಂದಿನ ಮಾತು. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಲ್ಲಿ ಊಟದ ಹೊತ್ತಿಗೆ ಹಾಯ್ದವರಿಗೆಲ್ಲ ನನ್ನ ತಮ್ಮ ಗೊತ್ತು. ಗೊತ್ತಿಲ್ಲ ಅನ್ನುವವರು ಊಟ ಮುಗಿದ ಮೇಲೆ ಹಾಯ್ದವರು.

ಅವನ ಹೆಂಡತಿ ಹೋದ ಮೇಲೆ ಅವನಿಗೆ ರೊಟ್ಟಿ ಬಡಿಯುವವರಿಲ್ಲ, ನನ್ನ ಗಂಡ ಹೋದ ಮೇಲೆ ನನ್ನ ರೊಟ್ಟಿ ತಿನ್ನುವವರಿಲ್ಲ. ಹಾಗಾಗಿ ಅಕ್ಕ ತಮ್ಮ ಒಂದು ಸೂರಿನಡಿ ಬಂದೆವು. ತಮ್ಮ ಪಂಪುಸೆಟ್ಟಿನ ಅಂಗಡಿಯಲ್ಲಿ ದುಡಿದಿದ್ದ, ಹೊಸ ಮನೆ ಕಟ್ಟಿಸಿದ. ಕಟ್ಟಿಸಲಿ, ಬೇಡವೆಂದವರು ಯಾರು? ಆದರೆ ಮುಂದಿನ ಗೋಡೆ ಎಲ್ಲಿ? ಯಾವುದೋ ಬೈಕಿನ ಷೋರೂಮಿನಲ್ಲಿ ಕಂಡು ಬಂದಿದ್ದನಂತೆ, ರಸ್ತೆಯ ಕಡೆಗೆ ನೆಲದಿಂದ ಸೂರಿನವರೆಗೆ ಗಾಜಿನ ಬಾಗಿಲು ಹಾಕಿಸಿಬಿಟ್ಟ. ಎರಡು ಪಾಲು, ತಳ್ಳಿದರೆ ಸರ್ರನೆ ಜಾರುತ್ತವೆ. ಮನೆ ಹೊಕ್ಕ ಮೂರನೆಯ ದಿನ ಒಬ್ಬ ಒಳಗೆ ಬಂದು, "ಖಾತೆ ತೆಗಿಸಬೇಕಿತ್ರಿ" ಎಂದು ನನ್ನ ಮುಂದೆ ಆಧಾರ್ ಕಾರ್ಡು ಹಿಡಿದ. ಬ್ಯಾಂಕು ಅಂದುಕೊಂಡಿದ್ದ. ತಪ್ಪು ಅವನದೇ?

ನಮ್ಮ ಕಡೆ ಒಂದು ಪದ್ಧತಿ ಇದೆ. ಉಣ್ಣುವಾಗ ಯಾರಾದರೂ ಕಂಡರೆ "ಬರ್ರಿ, ಊಟ ಮಾಡೋಣು" ಅನ್ನಬೇಕು. ಅವರು "ಆಗೈತ್ರಿ, ನೀವು ಮಾಡ್ರಿ" ಅನ್ನಬೇಕು. ಅಲ್ಲಿಗೆ ಮುಗಿಯಿತು. ಇದು ಗೋಡೆ ಇದ್ದ ಜನ ಮಾಡಿದ ಪದ್ಧತಿ. ಗಾಜು ಹಾಕಿಸಿಕೊಂಡವನಿಗೆ ಇಡೀ ರಸ್ತೆಯೇ ಕಾಣುತ್ತದೆ. ಕಂಡ ಮೇಲೆ ಕರೆಯದಿರುವುದು ಹೇಗೆ ಎನ್ನುತ್ತಾನೆ ನನ್ನ ತಮ್ಮ. ಗಾಜಿನ ಒಳಗಿಂದ ಕೂಗಿದರೆ ರಸ್ತೆಯವರೆಗೆ ಕೇಳಿಸುವುದಿಲ್ಲ, ಅದಕ್ಕೆ ಎಂಜಲು ಕೈಯನ್ನೇ ಬೀಸುತ್ತಾನೆ. ದಾರಿಯವರು ಏನೋ ಆಪತ್ತೆಂದು ಓಡಿ ಬರುತ್ತಾರೆ! ಓಡಿ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೆ?

ಬಡಿಯುವ ಕೈ ನನ್ನದು. ಆದರೂ ನನ್ನ ಸಿಟ್ಟು ರೊಟ್ಟಿಯದಲ್ಲ, ಹಲ್ಲಿನದು. ಮುಚ್ಚಿಡುವುದೇನಿದೆ, ನನ್ನ ಬಾಯಲ್ಲಿ ಹುಟ್ಟಿದ ಹಲ್ಲು ಒಂದೂ ಇಲ್ಲ. ಕಟ್ಟಿಸಿದ ಸೆಟ್ಟು ಇದೆ. ಮಾತಾಡಲಿಕ್ಕೆ ಹಾಕಿಕೊಳ್ಳುತ್ತೇನೆ, ಉಣ್ಣಲಿಕ್ಕೆ ತೆಗೆದಿಡುತ್ತೇನೆ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ವಸಡಿನಲ್ಲಿ ಮೆಲ್ಲುವಾಗ ನನ್ನ ಮುಖ ಹೇಗಾಗುತ್ತದೆಂದು ನನಗೆ ಗೊತ್ತು. ಅದನ್ನು ಊರು ಏಕೆ ನೋಡಬೇಕು? ತಮ್ಮನಿಗೆ ಇದು ಹೊಳೆದೇ ಇರಲಿಲ್ಲ. ಅವನು ಉಣ್ಣುವಾಗ ರಸ್ತೆ ನೋಡುವವನು, ಅಕ್ಕನ ತಾಟು ನೋಡುವವನಲ್ಲ. ನಾನೂ ಹೇಳಲಿಲ್ಲ. ಅಡುಗೆಮನೆಯಲ್ಲಿ ತಿನ್ನೋಣವೆಂದರೆ ತಾಟು ಹಿಡಿದು ಅಲ್ಲಿಗೇ ಬರುತ್ತಿದ್ದ, ಹಿಂದೆ ಅವನು ಕರೆದವರೂ ಬರುತ್ತಿದ್ದರು.

"ಬಾಗಿಲಿಗೆ ಪರದಿ ಹಾಕಸ್ತೀಯೋ ಇಲ್ಲೋ?" ಎಂದು ಒಂದು ದಿನ ಕೇಳಿಯೇ ಬಿಟ್ಟೆ.

"ಹಾಕಸೋಣು ಬಿಡಕ್ಕಾ, ಅದಕ್ಕೇನು" ಎಂದ. ಇಲ್ಲ ಅಂದಿದ್ದರೆ ಚೆನ್ನಾಗಿತ್ತು.

ಮೊದಲು ಕೊಟ್ಟೂರಿನಲ್ಲೇ, ಪರದೆ ಹೊಲಿಯುವ ಸಾಬರ ಅಂಗಡಿ. ಅವರು ಕಂಬಳಿಯಷ್ಟು ದಪ್ಪನೆಯ ಬಟ್ಟೆ ಇಳಿಬಿಟ್ಟರು. ನನ್ನ ತಮ್ಮ ಅದರ ಹಿಂದೆ ಹೋಗಿ ನಿಂತು, "ಅಕ್ಕಾ, ನಾ ಕಾಣ್ತೀನೇನು?" ಎಂದ.

"ಇಲ್ಲ."

"ಹಂಗಾರ ಬ್ಯಾಡ."

ಸಾಬರು ನನ್ನ ಮುಖ ನೋಡಿದರು. "ಯಜಮಾನ್ರ, ಕಾಣಬಾರದು ಅಂತಾನ ಪರದಿ ಹಾಕ್ತಾರ್ರಿ" ಎಂದರು ಮೆಲ್ಲಗೆ.

"ಉಣ್ಣಾಗ ಬಾಗ್ಲಾ ಮುಚ್ಚಿಕೊಳ್ಳಾಕ ನಾವೇನು ಕದ್ದು ತಂದೀವೇನ್ರಿ ಸಾಬ್ರ?"

ಮುಂದಿನ ವಾರ ಹಗರಿಬೊಮ್ಮನಹಳ್ಳಿ. ಅಲ್ಲಿ ಜಾಳುಜಾಳು ಬಟ್ಟೆ. ಹಿಂದೆ ಹೋಗಿ ನಿಂತ; ಅಂಗಿಯ ಗುಂಡಿ ಸಮೇತ ಕಂಡ. "ಇದು ಬೇಷ್ ಐತಿ" ಎಂದ. ನನಗೆ ಮೈಯೆಲ್ಲ ಉರಿಯಿತು. "ಲೇ, ಇದು ಸೊಳ್ಳಿಪರದಿ. ಸೊಳ್ಳಿ ನಿಲ್ತಾವು, ಕಣ್ಣು ನಿಲ್ಲಂಗಿಲ್ಲ" ಎಂದೆ. ಅಂಗಡಿಯ ಹುಡುಗಿ ಬಟ್ಟೆ ಮಡಚುತ್ತ ಅತ್ತ ತಿರುಗಿ ನಕ್ಕಳು.

ಆಮೇಲೆ ಹರಪನಹಳ್ಳಿ. ಅಲ್ಲಿ ಪಟ್ಟಿಪಟ್ಟಿಯಾಗಿ ತಿರುಗುವ ಪರದೆ. ಹಗ್ಗ ಎಳೆದರೆ ಮುಚ್ಚುತ್ತದೆ, ಮತ್ತೆ ಎಳೆದರೆ ತೆರೆಯುತ್ತದೆ. "ಉಣ್ಣೋ ಟೈಮಿಗೆ ಮುಚ್ಚಾಕ ಬರದಂಥದ್ದು ಐತೇನ್ರಿ?" ಎಂದು ಕೇಳಿದ ಪುಣ್ಯಾತ್ಮ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಂಗಡಿಯಾತ ಬುತ್ತಿ ಬಿಚ್ಚಿದವನು, ನಾವು ಎದುರಿಗಿದ್ದೆವಲ್ಲ, ಬಾಯಿಮಾತಿಗೆ "ಬರ್ರಿ ಊಟ ಮಾಡೋಣು" ಎಂದ. ನನ್ನ ತಮ್ಮ ಕೈ ತೊಳೆದುಕೊಂಡು ಕೂತೇಬಿಟ್ಟ! ಮೂರು ಊರು ತಿರುಗಿ ಮನೆಗೆ ತಂದದ್ದು ಒಂದು ತೇಗು.

ಹೀಗಿರುವಾಗ ಒಂದು ಮಧ್ಯಾಹ್ನ, ನಾನು ಸೆಟ್ಟು ತೆಗೆದಿಟ್ಟು ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿದ್ದೇನೆ, ನಮ್ಮ ಬಾಗಿಲ ಮುಂದೆ ಕೂಡ್ಲಿಗಿ ಬಸ್ಸು ಗಾಲಿ ಪಂಕ್ಚರ್ ಆಗಿ ನಿಂತಿತು. ಕಿಟಕಿಗೊಂದು ಮುಖ. ಎಲ್ಲ ಮುಖವೂ ನನ್ನ ಬಾಯಿಯ ಕಡೆಗೇ. ನನ್ನ ತಮ್ಮ ಏನು ಮಾಡಿದನೆಂದು ಹೇಳಬೇಕೆ? ಬಸ್ಸಿಗೆ ಬಸ್ಸನ್ನೇ ಕೈಬೀಸಿ ಕರೆದ. ಕಂಡಕ್ಟರ್ ಬಂದ, ಹಿಂದೆ ಏಳೆಂಟು ಜನ. ಅವರಲ್ಲೊಬ್ಬಳು ಗುರುತಿನವಳಂತೆ ಹತ್ತಿರ ಬಂದು, "ಯಮ್ಮಾ, ಆರಾಮ ಇದ್ದೀರೇನ್ರಿ?" ಎಂದಳು. ಹಲ್ಲಿಲ್ಲದ ಬಾಯಲ್ಲಿ ಏನು ಹೇಳಲಿ? ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅನ್ನದ ತಾಟು ಬಿಟ್ಟು ಎದ್ದು ಹೋದೆ. ಹಾಗೆ ಏಳಬಾರದು. ಎದ್ದೆ.

ಬಸ್ಸು ಹೋದ ಮೇಲೆ ತಮ್ಮ ಅಡುಗೆಮನೆಗೆ ಬಂದ.

"ಯಾಕಕ್ಕಾ, ಉಣ್ಣದಂಗ ಎದ್ದಿ? ಮಂದಿ ಏನ್ ಅಂದ್ಕೊಂಡಿರಬೇಕು?"

"ಮಂದಿ ಏನ್ ನೋಡಿದ್ರು, ನೀನೂ ನೋಡು" ಎಂದು ಸೆರಗು ತೆಗೆದು ಬಾಯಿ ತೆರೆದೆ. "ಇದನ್ನ ಊರಿಗೆ ತೋರ್ಸಾಕ ಗಾಜು ಹಾಕ್ಸಿಯೇನು?"

ಅವನು ನೋಡಿದ. ಅಂಗಡಿಗೆ ಹೋದ.

ಸಂಜೆ ಊಟಕ್ಕೆ ದೀಪ ಹಾಕಿದೆ. ಬಾಗಿಲ ಎಡಗಡೆ ಪಾಲಿನ ಹತ್ತಿರ ಪಕ್ಕದ ಗೋಡೆಗೆ ಒರಗಿ ಕೂತರಷ್ಟೇ ನನ್ನ ಸೊಂಟ ತಡೆಯುತ್ತದೆ, ಅಲ್ಲೇ ಕೂತೆ. ಸೆಟ್ಟು ತೆಗೆಯಲಿಲ್ಲ, ಉಪವಾಸ ಇದ್ದೇನು, ತೆಗೆಯಲಾರೆ ಎಂದುಕೊಂಡಿದ್ದೆ. ಅವನು ಎಂದಿನಂತೆ ರಸ್ತೆಗೆ ಮುಖ ಮಾಡಲಿಲ್ಲ. ತಾಟು ತಂದು ನನಗೂ ಗಾಜಿಗೂ ನಡುವೆ ಇಟ್ಟುಕೊಂಡು, ರಸ್ತೆಗೆ ಬೆನ್ನು ಕೊಟ್ಟು ಕೂತ. ನನ್ನ ತಮ್ಮನ ಬೆನ್ನು ಸಣ್ಣದಲ್ಲ. ಹೊರಗೆ ಯಾರೋ ಬೈಕು ನಿಲ್ಲಿಸಿ, "ಊಟ ನಡೀತೇನ್ರಿ?" ಎಂದು ಗಾಜು ತಟ್ಟಿದರು. ಅವನ ಬಲಗೈ ಬೀಸಲಿಕ್ಕೆ ಒಂದಿಷ್ಟು ಎದ್ದಿತು. ಮತ್ತೆ ತಾಟಿಗೆ ಇಳಿಯಿತು. ಹೊರಳಿ ನೋಡಲಿಲ್ಲ.

"ನನಗ್ಯಾರೂ ಕಾಣವಲ್ರು ಅಕ್ಕಾ" ಎಂದ. "ನೀ ಉಣ್ಣು."

ಸೆಟ್ಟು ತೆಗೆದಿಟ್ಟು, ಎರಡು ರೊಟ್ಟಿ ಉಂಡೆ. ಅವನದು ಅರ್ಧ ರೊಟ್ಟಿಯೂ ಇಳಿಯಲಿಲ್ಲ. ಯಾರನ್ನೂ ಕರೆಯದೆ ಉಂಡು ಅವನಿಗೆ ರೂಢಿಯಿಲ್ಲ.

ಮರುದಿನ ಬೆಳಿಗ್ಗೆ ಅವನು ಏಳುವ ಮೊದಲೇ ದಾರದಲ್ಲಿ ಅಳತೆ ಹಿಡಿದುಕೊಂಡು, ಸಾಬರ ಅಂಗಡಿಗೆ ಹೋಗಿ ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತಿದ್ದು, ಕಂಬಳಿಯಂಥ ಆ ದಪ್ಪ ಬಟ್ಟೆಯನ್ನು ಎಡಗಡೆಯ ಒಂದು ಪಾಲಿಗೆ ಮಾತ್ರ ಹರಿಸಿಕೊಂಡು ಬಂದೆ.